ತೂಬಗೆರೆಯ ಕೂಸುಗಳು ಮತ್ತು ನನ್ನ ಗಡಿಯಾರ

ಹೆರಿಗೆ ಮಾಡಿಸುವುದನ್ನು ನಿಮಗೆ ತರಬೇತಿಯಲ್ಲಿ ಕಲಿಸುತ್ತಾರೆ, ಅದರ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಹೆರಿಗೆ ಒಂದು ದಿನದ ಕೆಲಸ, ಹೆಚ್ಚೆಂದರೆ ಎರಡು ದಿನದ್ದು. ಅದಾದ ಮೇಲೆ ಬಾಣಂತಿಯ ಕೋಣೆಯಲ್ಲಿ ತಿಂಗಳುಗಟ್ಟಲೆ ನಡೆಯುವುದೇ ಬೇರೆ. ಮಗು ರಾತ್ರಿ ಏಳುತ್ತದೆ, ಹಾಲು ಕುಡಿಯುತ್ತದೆ, ಕಣ್ಣು ಮುಚ್ಚುತ್ತದೆ. ತಾಯಿ ಇನ್ನೇನು ಒರಗಬೇಕು ಅನ್ನುವಷ್ಟರಲ್ಲಿ ಮತ್ತೆ ಏಳುತ್ತದೆ. ಹೀಗೆ ಎಷ್ಟು ದಿನ ಎಂದು ಆಕೆ ನಿಮ್ಮನ್ನು ಕೇಳುತ್ತಾಳೆ. ಆ ಒಂದು ಪ್ರಶ್ನೆಗೆ ನಾನು ಮೊದಲು ತಪ್ಪು ಉತ್ತರ ಹೇಳಿದೆ, ಆಮೇಲೆ ಸರಿಯಾದದ್ದನ್ನು ಕಲಿತೆ. ಕಲಿತ ರೀತಿಯನ್ನು ಈಗ ಕೆಲಸಕ್ಕೆ ಸೇರುತ್ತಿರುವ ಹೆಣ್ಣುಮಕ್ಕಳಿಗಾಗಿ ಬರೆದಿಡುತ್ತಿದ್ದೇನೆ. ನನ್ನ ಬಡ್ತಿ, ವರ್ಗಾವಣೆಗಳೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿವೆ. ಇದು ಅದರಲ್ಲಿಲ್ಲ.

ನನ್ನ ಹೆಸರು ಜಯಮ್ಮ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯವಳು. ಬೇಸಾಯದ ಮನೆ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡ ಮೇಲೆ ನನ್ನಣ್ಣ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಮಿಡ್‌ವೈಫ್ ತರಬೇತಿಗೆ ಸೇರಿಸಿದ. "ಗೌಡರ ಮನೆ ಹೆಣ್ಣು ಸೂಲಗಿತ್ತಿ ಕೆಲ್ಸಕ್ಕೆ ಹೋಯ್ತಂತೆ" ಎಂದು ಊರಿನವರು ಆಡಿಕೊಂಡರು. ಅಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತರಬೇತಿ ಮುಗಿದ ದಿನ ಬಂದು, ಸೀರೆಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಗಡಿಯಾರವನ್ನು ನನ್ನ ಕೈಗಿಟ್ಟು, "ನಾಡಿ ನೋಡಕ್ಕೆ ಬೇಕಂತಲ್ಲಮ್ಮ" ಎಂದಷ್ಟೇ ಹೇಳಿ ಹೋದ.

ತರಬೇತಿಯಲ್ಲಿ ನಮಗೆ ಒಂದು ಚಾರ್ಟು ಬಾಯಿಪಾಠವಾಗಿತ್ತು. ಮಗುವಿಗೆ ನಾಲ್ಕು ಗಂಟೆಗೊಮ್ಮೆ ಎದೆಹಾಲು. ಬೆಳಿಗ್ಗೆ ಆರಕ್ಕೆ ಮೊದಲನೆಯದು, ರಾತ್ರಿ ಹತ್ತಕ್ಕೆ ಕೊನೆಯದು. ಹತ್ತರಿಂದ ಆರರವರೆಗೆ ಹಾಲು ಕೂಡದು. ಅತ್ತರೆ ಒಂದೆರಡು ಚಮಚ ಕಾಯಿಸಿದ ನೀರು. ಹೀಗೆ ಮಾಡಿದರೆ ಹದಿನೈದು ದಿನದಲ್ಲಿ ಮಗುವಿಗೆ ಶಿಸ್ತು ಬಂದು ರಾತ್ರಿಯೆಲ್ಲ ಮಲಗುತ್ತದೆ. ಅತ್ತಾಗಲೆಲ್ಲ ಎದೆಗೆ ಹಾಕಿಕೊಳ್ಳುವುದು ಅಜ್ಞಾನ, ಅದರಿಂದ ಹೊಟ್ಟೆ ಕೆಡುತ್ತದೆ. ವಿಲಾಯಿತಿಯ ಪುಸ್ತಕಗಳಲ್ಲಿ ಹಾಗೇ ಇತ್ತು, ನಮ್ಮ ಮೇಲಿನವರೂ ಹಾಗೇ ಹೇಳುತ್ತಿದ್ದರು. ಅದರಲ್ಲಿ ಅನುಮಾನ ಪಡುವಂಥದ್ದೇನೂ ನನಗೆ ಕಾಣಲಿಲ್ಲ. ನನಗಾಗ ಇಪ್ಪತ್ತು ವರ್ಷ, ನಾನು ಮಗುವನ್ನು ಹೆತ್ತವಳಲ್ಲ.

ನನ್ನನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಗೆ ಹಾಕಿದರು. ಎರಡು ಕೋಣೆಯ ಹೆಂಚಿನ ಮನೆ, ಅದೇ ಹೆರಿಗೆ ಆಸ್ಪತ್ರೆ. ಮುಂದಿನ ಕೋಣೆಯಲ್ಲಿ ಎರಡು ಮಂಚ, ಹಿಂದಿನದರಲ್ಲಿ ನಾನು. ಗೋಡೆಗೆ ಆ ಚಾರ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಟಿಸಿದ್ದರು. ಕನ್ನಡಕ್ಕೆ ತಿರುಗಿಸಿದವರು ನಮ್ಮ ಮೇಲಿನ ಲೇಡಿ ಡಾಕ್ಟರ್ ಸುಗುಣಾಬಾಯಿ. ಬೆಂಗಳೂರಿನಿಂದ ಎರಡು ಮೂರು ತಿಂಗಳಿಗೊಮ್ಮೆ ತನಿಖೆಗೆ ಬರುತ್ತಿದ್ದರು. ಆಕೆ ಬರುತ್ತಾರೆಂದರೆ ಸುತ್ತಲಿನ ಆಸ್ಪತ್ರೆಗಳ ಮಿಡ್‌ವೈಫರೆಲ್ಲ ಹಿಂದಿನ ದಿನವೇ ಬೇಸಿನ್ನುಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದೆವು.

ಊರಿನಲ್ಲಿ ನನ್ನ ಮೊದಲ ತೊಂದರೆ ಗಡಿಯಾರದ್ದು. ಯಾರ ಮನೆಯಲ್ಲೂ ಅದಿರಲಿಲ್ಲ. "ಎರಡು ಗಂಟೆ ಅಂದ್ರೆ ಯಾವಾಗಕ್ಕಾ?" ಎಂದು ಬಾಣಂತಿಯರು ಕೇಳುತ್ತಿದ್ದರು. ನಾನು ಜಾಣತನದಿಂದ ಒಂದು ಉಪಾಯ ಮಾಡಿದೆ. ದೊಡ್ಡಬಳ್ಳಾಪುರದ ಬಸ್ಸು ಮಧ್ಯಾಹ್ನ ಎರಡಕ್ಕೆ ಬರುತ್ತಿತ್ತು. ಅದರ ಸದ್ದು ಕೇಳಿದಾಗ ಹಾಲು ಕೊಡಿ ಎಂದೆ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಅಭಾವ. ಆ ಬಸ್ಸು ಹಿಂದುಗಡೆ ಒಂದು ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಏರಿನಲ್ಲಿ ನಿಂತುಬಿಟ್ಟರೆ ಇಳಿದವರೇ ತಳ್ಳಬೇಕು. ಒಂದು ಸಾಯಂಕಾಲ ನೀರು ತರಲು ಹೋದಾಗ ಮೂರು ಮನೆಗಳಲ್ಲಿ ಮಕ್ಕಳು ಕಿರುಚುತ್ತಿದ್ದವು. ಒಬ್ಬಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದಳು.

"ಯಾಕಮ್ಮ, ಹಾಲು ಕೊಡಲಿಲ್ವಾ?" ಎಂದೆ.

"ಇನ್ನೂ ಬಸ್ಸು ಬಂದಿಲ್ವಲ್ಲಕ್ಕ" ಎಂದಳು.

ನನಗೆ ನಗು ಬಂತು. ಕೂತು ಕುಡಿಸು ಎಂದು ಹೇಳಿ ಬಂದೆ. ಆ ರಾತ್ರಿ ಊಟ ಮಾಡುವಾಗ ಇನ್ನೊಮ್ಮೆ ನಕ್ಕೆ. ನಕ್ಕು ಬಿಟ್ಟುಬಿಟ್ಟೆನೇ ಹೊರತು, ಹೆತ್ತವಳು ಕೂಸಿನ ಅಳು ಕೇಳುವುದನ್ನು ಬಿಟ್ಟು ನನ್ನ ಮಾತಿಗಾಗಿ ರಸ್ತೆ ನೋಡುತ್ತಿದ್ದಳಲ್ಲ ಎಂದು ಯೋಚಿಸಲಿಲ್ಲ. ಯೋಚಿಸಿದ್ದರೆ ಗೌರಮ್ಮನ ಮನೆಯಲ್ಲಿ ಆದದ್ದು ಆಗುತ್ತಿರಲಿಲ್ಲ.

ಗೌರಮ್ಮ ಊರಾಚೆ ಕೆರೆಯ ಕಡೆ ಇದ್ದ ಒಂದು ಒಕ್ಕಲಿನ ಮನೆಯ ಸೊಸೆ. ಹದಿನೆಂಟು ತುಂಬಿತ್ತೋ ಇಲ್ಲವೋ. ಹಿಂದಿನ ವರ್ಷ ಒಂದು ಗಂಡು ಮಗು ಹುಟ್ಟಿ ಹನ್ನೊಂದನೇ ದಿನಕ್ಕೆ ಹೋಗಿತ್ತು. ಆ ಹೆರಿಗೆಯನ್ನು ಊರಿನ ಸೂಲಗಿತ್ತಿ ಮುನಿಯಮ್ಮಜ್ಜಿ ಮಾಡಿಸಿದ್ದಳು. ಅದಕ್ಕೇ ಎರಡನೆಯದಕ್ಕೆ ಅವರು ಆಕೆಯನ್ನು ಬಿಟ್ಟು ನನ್ನನ್ನು ಕರೆದರು. ಹೆಣ್ಣು ಮಗು, ಸಲೀಸಾಗಿ ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಮುನಿಯಮ್ಮಜ್ಜಿ ಅಂದಿನಿಂದ ದಾರಿಯಲ್ಲಿ ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗುತ್ತಿದ್ದಳು. ನಾನು ಅದನ್ನೂ ನನ್ನ ಗೆಲುವೆಂದೇ ತಿಳಿದೆ.

ಆ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಯುದ್ಧದ ಪ್ಯಾರಾಚೂಟುಗಳಿಗೆ ರೇಷ್ಮೆ ಬೇಕಾಗಿತ್ತು, ಸುತ್ತಮುತ್ತ ಎಲ್ಲರೂ ಹಿಪ್ಪುನೇರಳೆ ಹಾಕಿದ್ದರು. ಹುಳುಮನೆಯ ಯಜಮಾನಿಕೆ ಗೌರಮ್ಮನ ಅತ್ತೆ ಹನುಮಕ್ಕನದು. ಎತ್ತರದ, ಒಣಕಲು ಮೈಯ ಹೆಂಗಸು, ಮಾತು ಕಡಿಮೆ. ಮಗುವಿಗೆ ಒಂದು ತಿಂಗಳು ತುಂಬಿದಾಗ ನಾನು ಹೋಗಿದ್ದೆ. ಗೌರಮ್ಮನ ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

"ರಾತ್ರಿ ನಾಕು ಸಲ, ಐದು ಸಲ ಏಳ್ತೈತೆ ನರ್ಸಮ್ಮ. ನಂಗೆ ಕೂತಲ್ಲೇ ನಿದ್ದೆ ಬಂದ್ಬಿಡ್ತೈತೆ, ಎಲ್ಲಿ ಕೈ ಜಾರಿ ಬುಡ್ತೀನೋ ಅಂತ ಭಯ" ಎಂದಳು.

ನಾನು ಚಾರ್ಟಿನಲ್ಲಿದ್ದುದನ್ನು ಒಪ್ಪಿಸಿದೆ. ರಾತ್ರಿ ಉಂಡು ಮಲಗುವಾಗ ಒಂದು ಸಲ, ಆಮೇಲೆ ಬೆಳಕು ಹರಿಯುವವರೆಗೆ ಇಲ್ಲ. ಹಗಲೂ ಲೆಕ್ಕದ ಪ್ರಕಾರ. ಎರಡು ವಾರ ಗಟ್ಟಿ ಮನಸ್ಸು ಮಾಡಿದರೆ ಸರಿಹೋಗುತ್ತದೆ ಎಂದೆ. ಒಳಗೆ ಸೊಪ್ಪು ಹೆಚ್ಚುತ್ತಿದ್ದ ಹನುಮಕ್ಕ ಕತ್ತಿ ಕೆಳಗಿಟ್ಟು ಬಂದಳು.

"ನೋಡವ್ವ, ಹುಳ ಚಾಕಿಲಿದ್ದಾಗ ಸೊಪ್ಪನ್ನ ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪಾನೇ ಹಾಕ್ತೀವಿ. ರಾತ್ರೀನೂ ಎದ್ದು ಹಾಕ್ತೀವಿ. ದೊಡ್ಡದಾದ್ಮ್ಯಾಕೆ ಒಂದೇ ಸಲಕ್ಕೆ ರಾಶಿ ತಿಂತದೆ. ಇದಿನ್ನೂ ಚಾಕಿ ಕೂಸು. ಇದ್ರ ಹೊಟ್ಟೆ ಎಷ್ಟಿದ್ದಾತು?"

ಚಾಕಿ ಎಂದರೆ ಮೊಟ್ಟೆಯೊಡೆದು ಬಂದ ಎಳೆಯ ಹುಳು. ನಾನು ಸ್ವಲ್ಪ ಬಿಗಿಯಾಗಿಯೇ, "ಹನುಮಕ್ಕ, ಹುಳುವಿನ ವಿಷಯ ನಿಮಗೆ ಗೊತ್ತು, ಮಗುವಿನ ವಿಷಯ ನಾನು ಓದಿದ್ದೀನಿ" ಎಂದೆ. ಆಕೆ ಒಳಗೆ ಹೋಗಿ ಮತ್ತೆ ಸೊಪ್ಪು ಹೆಚ್ಚತೊಡಗಿದಳು. ಗೌರಮ್ಮ ನನ್ನ ಮುಖ ನೋಡಿ ತಲೆಯಾಡಿಸಿದಳು. ಮೊದಲನೆಯದನ್ನು ಕಳೆದುಕೊಂಡವಳು, ಓದಿದವರು ಹೇಳಿದ್ದನ್ನು ಒಂದಕ್ಷರ ತಪ್ಪದೆ ಮಾಡಬೇಕೆಂದು ತೀರ್ಮಾನಿಸಿದ್ದಳು.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹನುಮಕ್ಕ ಆಸ್ಪತ್ರೆಯ ಬಾಗಿಲಿಗೆ ಬಂದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ನೀನು ಹೇಳ್ದಂಗೇ ಆಗೈತೆ ಕಣವ್ವ. ಕೂಸು ಈಗ ರಾತ್ರಿಯೆಲ್ಲ ಮಲಗ್ತೈತೆ. ಹಗಲೂ ಮಲಗ್ತೈತೆ. ಒಂದ್ಕಿತ ಬಂದು ನೋಡು" ಎಂದಳು.

ಆ ಧ್ವನಿಯಲ್ಲಿ ಏನಿತ್ತೆಂದು ನಾನು ಗಮನಿಸಲಿಲ್ಲ. ಸೀರೆ ಸರಿಮಾಡಿಕೊಂಡು, ಗಡಿಯಾರ ಸಿಕ್ಕಿಸಿಕೊಂಡು ಖುಷಿಯಿಂದಲೇ ಹೊರಟೆ. ದಾರಿಯಲ್ಲಿ ಸುಗುಣಾಬಾಯಿಯವರಿಗೆ ವರದಿ ಹೇಗೆ ಬರೆಯಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಮಗು ಮೊರದಲ್ಲಿ ಹಳೇ ಸೀರೆಯ ಮೇಲೆ ಮಲಗಿತ್ತು. ಬಗ್ಗಿ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು. ನೆತ್ತಿ ಕುಳಿಬಿದ್ದಿತ್ತು. ತೊಡೆಯ ಚರ್ಮ ಎತ್ತಿ ಬಿಟ್ಟರೆ ಸುಕ್ಕು ಹಾಗೇ ನಿಲ್ಲುತ್ತಿತ್ತು. ಅಂಗಾಲಿಗೆ ತಟ್ಟಿದೆ. ಕಣ್ಣು ಅರ್ಧ ತೆರೆದು, ಬೆಕ್ಕಿನ ಮರಿಯಂತೆ ಒಂದು ಸಣ್ಣ ದನಿ ತೆಗೆದು ಮತ್ತೆ ಮುಚ್ಚಿಕೊಂಡಿತು.

"ಬಟ್ಟೆ ಒದ್ದೆ ಮಾಡಿದ್ದು ಯಾವಾಗ?" ಎಂದೆ.

"ನಿನ್ನೆ ಮಧ್ಯಾನ" ಎಂದಳು ಗೌರಮ್ಮ. ಅವಳ ಎದೆ ಹತ್ತಿಯಂತೆ ಮೆತ್ತಗಾಗಿತ್ತು. ಹಾಲು ಇಳಿದುಹೋಗಿತ್ತು.

ಅದು ಹೊಟ್ಟೆ ತುಂಬಿ ಮಲಗಿದ ಮಗುವಲ್ಲ. ಅಳಲು ಶಕ್ತಿ ಇಲ್ಲದೆ ಮಲಗಿದ ಮಗು. ಅದು ಅತ್ತು ಅತ್ತು ಕೇಳಿದೆ, ನಾವು ಕೊಟ್ಟಿಲ್ಲ, ಕೊನೆಗೆ ಕೇಳುವುದನ್ನೇ ಬಿಟ್ಟಿದೆ. ಗೌರಮ್ಮ ಏನೂ ಗೊತ್ತಾಗದೆ, "ನೀವು ಹೇಳ್ದಂಗೇ ಮಾಡ್ದೆ ನರ್ಸಮ್ಮ. ಒಂದ್ ದಿನಾನೂ ತಪ್ಪಿಸ್ಲಿಲ್ಲ" ಎಂದಳು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಹನುಮಕ್ಕ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ನಿಂತು ಹೇಳಿದೆ: "ತಪ್ಪು ನಂದು ಹನುಮಕ್ಕ. ಗೌರಮ್ಮಂದಲ್ಲ. ನೀವು ಹೇಳಿದ್ದೇ ಸರಿ." ದೊಡ್ಡಬಳ್ಳಾಪುರದ ಡಾಕ್ಟರಿಗೆ ಚೀಟಿ ಬರೆದು ಗೌರಮ್ಮನ ಗಂಡನ ಕೈಯಲ್ಲಿ ಕಳುಹಿಸಿದೆ. ಅವರು ಬರುವವರೆಗೆ ಕಾಯುವಂತಿರಲಿಲ್ಲ. ನಾನು ನೇರವಾಗಿ ಮುನಿಯಮ್ಮಜ್ಜಿಯ ಮನೆಗೆ ಹೋದೆ.

ಅಜ್ಜಿ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಆದದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. "ಹಾಲು ಬತ್ತಿದೆ ಅಜ್ಜಿ, ಮಗು ಚೀಪ್ತಿಲ್ಲ. ಏನು ಮಾಡ್ಬೇಕು ಅಂತ ನನ್ನ ಪುಸ್ತಕದಲ್ಲಿಲ್ಲ. ನೀನು ಬಾ" ಎಂದೆ.

ಆಕೆ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿ, ಕಾಳು ಬುಟ್ಟಿಗೆ ಹಾಕಿ, ಸೆರಗು ಕೊಡವಿಕೊಂಡು ಎದ್ದಳು. "ಒಳಲೆ ಐತಾ ಅವ್ರ ಮನ್ಯಾಗೆ?" ಎಂದಷ್ಟೇ ಕೇಳಿದಳು. ಒಳಲೆ ಎಂದರೆ ಮಕ್ಕಳಿಗೆ ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಬಟ್ಟಲು. ಅಲ್ಲಿತ್ತು. ಹೋದ ವರ್ಷದ ಮಗುವಿಗಾಗಿ ತಂದು ಅಟ್ಟದ ಮೇಲೆ ಇಟ್ಟಿದ್ದರು.

ಆಮೇಲೆ ಮೂರು ದಿನ ನಾನು ಆ ಮನೆಯಲ್ಲೇ ಇದ್ದೆ. ಮುನಿಯಮ್ಮಜ್ಜಿ ಮಗುವಿನ ಬಟ್ಟೆ ಬಿಚ್ಚಿ ತಾಯಿಯ ಬರಿಮೈಗೆ ಹಾಕಿ ಮೇಲೆ ಕಂಬಳಿ ಹೊದಿಸಿದಳು. ಬಿಸಿನೀರಿನ ಬಟ್ಟೆಯಿಂದ ಎದೆಗೆ ಕಾವು ಕೊಟ್ಟು, ಮೆಲ್ಲಗೆ ಹಿಂಡಿ, ಬಂದ ನಾಲ್ಕು ಹನಿಯನ್ನು ಒಳಲೆಯಲ್ಲಿ ಹಿಡಿದು ಮಗುವಿನ ತುಟಿಯ ಮೂಲೆಗೆ ಬಿಟ್ಟಳು. ನುಂಗಿತು. ಸ್ವಲ್ಪ ಹೊತ್ತಿಗೆ ಮತ್ತೆ. ಮತ್ತೆ. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದಾಗ ಅಜ್ಜಿ, "ಅದ್ನ ಬಿಚ್ಚಿ ಆ ಗೂಡ್ನಾಗೆ ಮಡಗವ್ವ. ಕೂಸಿನ ಬಾಯಿ ನೋಡು. ತುಟಿ ಅಲ್ಲಾಡಿಸ್ತಾ? ಕೈ ಬಾಯಿಗೆ ಹಾಕ್ತಾ? ಕೊಡು. ಅಳೋಗಂಟ ಕಾಯಬ್ಯಾಡ" ಎಂದಳು. ನಾನು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟೆ.

ಡಾಕ್ಟರು ಮಾರನೆಯ ದಿನ ಬಂದು ನೋಡಿ, ಮಾಡುತ್ತಿರುವುದನ್ನೇ ಮಾಡಿ, ಇವತ್ತು ಮಗು ಚೀಪಲು ಶುರುಮಾಡದಿದ್ದರೆ ಗಾಡಿ ಕಟ್ಟಿಕೊಂಡು ಕರೆತನ್ನಿ ಎಂದರು. ಶುರುಮಾಡಿತು. ಆ ಸಾಯಂಕಾಲ ಎದೆಗೆ ಬಾಯಿ ಹಚ್ಚಿ ಎಳೆಯಿತು. ಮೂರನೆಯ ದಿನ ಬಟ್ಟೆಯ ಮೇಲೆ ಬಟ್ಟೆ ಒದ್ದೆ ಮಾಡಿತು. ಹನುಮಕ್ಕ ಆ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಹಿಂಡಿ ಬೇಲಿಯ ಮೇಲೆ ಹರವುತ್ತಾ, "ಇನ್ನೂ ತತ್ತಾ, ಇನ್ನೂ ತತ್ತಾ" ಎಂದು ಇನ್ನಷ್ಟನ್ನು ಕೇಳುತ್ತಿದ್ದಳು. ಆಕೆ ನಕ್ಕಿದ್ದನ್ನು ನಾನು ಕಂಡದ್ದು ಆಗಲೇ.

ಮಗುವನ್ನು ತೂಗಬೇಕೆಂದು ನಾನು ಹೇಳಿದಾಗ ಮಾತ್ರ ಮನೆಯವರೆಲ್ಲ ಬೇಡವೆಂದರು. ಕೂಸನ್ನು ತೂಗಿದರೆ ದೃಷ್ಟಿಯಾಗುತ್ತದೆ. ಆಸ್ಪತ್ರೆಯ ತಕ್ಕಡಿ ಮುರಿದು ಎಷ್ಟೋ ಕಾಲವಾಗಿತ್ತು, ಇದ್ದದ್ದು ಅವರ ಮನೆಯ ರೇಷ್ಮೆಗೂಡು ತೂಗುವ ತಕ್ಕಡಿ. ಮುನಿಯಮ್ಮಜ್ಜಿಯೇ ದಾರಿ ತೋರಿಸಿದಳು. "ಮೊದ್ಲು ದೃಷ್ಟಿ ತೆಗೆದ್ಬುಡಾನ. ತೆಗೆದ್ಮ್ಯಾಕೆ ಎಲ್ಲಿಂದ ತಗಲ್ತದೆ?" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಒಂದು ತಟ್ಟೆಯಲ್ಲಿ ಮಗು, ಇನ್ನೊಂದರಲ್ಲಿ ಕಲ್ಲುಗಳು, ಸಮಕ್ಕೆ ಬರಲು ಒಂದು ಚೀಲದಲ್ಲಿ ರಾಗಿ. ವಾರ ಬಿಟ್ಟು ಹೋದಾಗ ಅದೇ ಚೀಲಕ್ಕೆ ಇನ್ನೂ ಒಂದು ಬೊಗಸೆ ರಾಗಿ ಸುರಿಯಬೇಕಾಯಿತು. ಮುಂದಿನ ವಾರ ಮತ್ತೊಂದು. ಆ ರಾಗಿಯನ್ನು ಸುರಿದಾಗ ಆದ ಸಂತೋಷ ನನಗೆ ಯಾವ ಸರ್ಟಿಫಿಕೇಟು ತೆಗೆದುಕೊಂಡಾಗಲೂ ಆಗಿಲ್ಲ.

ಆದರೆ ವರದಿ ಬರೆಯಬೇಕಿತ್ತು. ಮಗುವಿಗೆ ಭೇದಿಯಾಗಿತ್ತು ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಪಕ್ಕದ ಹೋಬಳಿಯ ಮಿಡ್‌ವೈಫ್ ಹಾಗೇ ಬರೆ ಎಂದಳು. "ನಿಂಗೇನು ತಲೆ ಕೆಟ್ಟಿದ್ಯಾ? ಆಯಮ್ಮನ ಚಾರ್ಟೇ ತಪ್ಪು ಅಂತ ಆಯಮ್ಮನಿಗೇ ಬರೀತೀಯಾ?" ಎಂದಳು. ನನಗೂ ಭಯವಿತ್ತು. ಕೆಲಸ ಹೋದರೆ ಜಡಿಗೇನಹಳ್ಳಿಗೆ ವಾಪಸು ಹೋಗಿ ಅತ್ತಿಗೆಯ ಕೈಕೆಳಗೆ ಇರಬೇಕು. ಆದರೂ ಚಾರ್ಟಿನಂತೆ ಮಾಡಿದ್ದರಿಂದ ಮಗು ಸಾಯುವ ಸ್ಥಿತಿಗೆ ಬಂತು ಎಂದು ನಡೆದದ್ದನ್ನು ನಡೆದಂತೆ ಬರೆದು ಅಂಚೆಗೆ ಹಾಕಿದೆ.

ಸುಗುಣಾಬಾಯಿಯವರು ತಿಂಗಳು ಕಳೆಯುವ ಮೊದಲೇ ಬಂದರು. ಬೇಸಿನ್ನು, ಕತ್ತರಿ ಏನನ್ನೂ ನೋಡಲಿಲ್ಲ. ಕುರ್ಚಿಯಲ್ಲಿ ಕುಳಿತು ನನ್ನ ಕಾಗದವನ್ನು ಮೇಜಿನ ಮೇಲಿಟ್ಟರು.

"ಇದನ್ನ ಬರೆಯೋವಾಗ ಯೋಚನೆ ಮಾಡಿ ಬರೆದೆಯಾ?"

"ಹೌದು ಡಾಕ್ಟರಮ್ಮ."

"ನೀನು ಹೇಳಿಕೊಟ್ಟ ರೀತಿ ತಪ್ಪಿರಬಹುದಲ್ಲ?"

"ನಾನು ಹೇಳಿದ್ದು ಗೋಡೆ ಮೇಲಿರೋದನ್ನೇ. ಅವಳು ಮಾಡಿದ್ದೂ ಅದನ್ನೇ. ಅಷ್ಟು ಸರಿಯಾಗಿ ಮಾಡಿದವರು ಈ ಊರಲ್ಲಿ ಅವಳೊಬ್ಬಳೇ. ಮಿಕ್ಕವರೆಲ್ಲ ನನಗೆ ಹೂಂ ಅಂದು ರಾತ್ರಿ ಹಾಲು ಕೊಡ್ತಿದ್ರು. ಆ ಮಕ್ಕಳೆಲ್ಲ ಚೆನ್ನಾಗಿವೆ."

ಇದು ನಿಜ. ಆ ತಿಂಗಳು ನಾನು ಮನೆಮನೆಗೆ ಹೋಗಿ ಗದರಿಸದೆ ಕೇಳಿದಾಗ ಒಬ್ಬೊಬ್ಬರೇ ಒಪ್ಪಿಕೊಂಡಿದ್ದರು.

ಡಾಕ್ಟರಮ್ಮ ಎದ್ದರು. "ಆ ಮನೆ ತೋರಿಸು" ಎಂದರು. ಕೆರೆಯ ಏರಿಯ ಮೇಲೆ ಬೂಟು ಹಾಕಿಕೊಂಡೇ ನಡೆದರು. ಹನುಮಕ್ಕ ಅವರನ್ನೂ ಬಿಡಲಿಲ್ಲ. ಹುಳುಮನೆಯ ಬಾಗಿಲಲ್ಲಿ ಬೂಟು ಬಿಚ್ಚಿಸಿ, ಕೈಕಾಲು ತೊಳೆಸಿ, ಒಳಗೆ ಕರೆದುಕೊಂಡು ಹೋಗಿ ಬಿದಿರಿನ ತಟ್ಟೆಗಳಲ್ಲಿ ಚಾಕಿ ಹುಳುವನ್ನೂ ಹಣ್ಣಾಗಿ ಗೂಡು ಕಟ್ಟಲು ಬಂದ ದೊಡ್ಡ ಹುಳುವನ್ನೂ ತೋರಿಸಿದಳು. ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು. ಡಾಕ್ಟರಮ್ಮ ಕೊನೆಯವರೆಗೂ ಕೇಳಿದರು. ಗೌರಮ್ಮನ ಮಗುವನ್ನು ತಾವೇ ಎತ್ತಿಕೊಂಡು, ತೊಡೆ ಒತ್ತಿ, ನೆತ್ತಿ ಮುಟ್ಟಿ, ಬಹಳ ಹೊತ್ತು ಇಟ್ಟುಕೊಂಡರು.

ಆಸ್ಪತ್ರೆಗೆ ವಾಪಸು ಬಂದ ಮೇಲೆ ಚಾರ್ಟಿನ ಮುಂದೆ ನಿಂತು ಪೆನ್ನು ತೆಗೆದರು. ರಾತ್ರಿ ಹಾಲು ಕೂಡದು ಎಂದಿದ್ದ ಸಾಲನ್ನು ಹೊಡೆದು ಪಕ್ಕದಲ್ಲಿ ಸಹಿ ಹಾಕಿದರು.

"ಇಲಾಖೆಯವರು ಇದನ್ನ ಬದಲಾಯಿಸೋದಕ್ಕೆ ನಾನೊಬ್ಬಳು ಹೇಳಿದ್ರೆ ಆಗೋದಿಲ್ಲ ಜಯಮ್ಮ. ಪುಸ್ತಕದಲ್ಲಿ ಇರೋದಕ್ಕೆ ಎದುರಾಗಿ ಇಡೋದಕ್ಕೆ ನಮ್ಮ ಹತ್ತಿರ ಏನಿದೆ? ನೀನು ಬರೆದಿಡು. ನೀನು ಹೆರಿಗೆ ಮಾಡಿಸಿದ ಪ್ರತಿ ಮಗು ರಾತ್ರಿ ಎಷ್ಟು ಸಲ ಏಳತ್ತೆ, ಒಂದೇ ಸಮ ಎಷ್ಟು ಹೊತ್ತು ಮಲಗತ್ತೆ, ಯಾವ ತಿಂಗಳಲ್ಲಿ. ಸುಳ್ಳು ಸೇರಿಸಬೇಡ, ಚೆನ್ನಾಗಿ ಕಾಣಲಿ ಅಂತ ತಿದ್ದಬೇಡ."

ಹಾಗೆ ಶುರುವಾಯಿತು ನನ್ನ ನೋಟುಪುಸ್ತಕ. ಗಡಿಯಾರವಿಲ್ಲದ ಊರಿನಲ್ಲಿ ರಾತ್ರಿಯ ಹೊತ್ತನ್ನು ಹೆಂಗಸರು ನನಗೆ ಕಲಿಸಿದರು. ಊಟದ ಹೊತ್ತು, ಹುಳುವಿಗೆ ಸೊಪ್ಪು ಹಾಕುವ ಹೊತ್ತು, ಮೊದಲ ಕೋಳಿ, ಬೆಳ್ಳಿ ಮೂಡುವ ಹೊತ್ತು. "ಉಂಡು ಮಲಗಿದ್ದು ಹುಳಕ್ಕೆ ಸೊಪ್ಪು ಹಾಕೋಗಂಟ ಏಳ್ಲಿಲ್ಲ ನರ್ಸಮ್ಮ, ಬರ್ಕೋ" ಎಂದು ದಾರಿಯಲ್ಲೇ ಕೂಗಿ ಹೇಳುತ್ತಿದ್ದರು. ಬರೆಯಲು ಬಾರದ ಹೆಂಗಸರಿಗೆ ತಮ್ಮ ಮಗುವಿನ ನಿದ್ದೆ ಒಂದು ಪುಸ್ತಕದಲ್ಲಿ ಇದೆ ಎನ್ನುವುದೇ ದೊಡ್ಡ ಸಂಗತಿಯಾಗಿತ್ತು. ಮುನಿಯಮ್ಮಜ್ಜಿ ತಾನು ಹೆರಿಗೆ ಮಾಡಿಸಿದ ಮಕ್ಕಳನ್ನೂ ಅದರಲ್ಲಿ ಸೇರಿಸಬೇಕೆಂದು ಹಟ ಹಿಡಿದು ಸೇರಿಸಿದಳು.

ಆ ಪುಸ್ತಕದಿಂದ ನಾನು ಕಲಿತದ್ದು ಇಷ್ಟು, ಸರಿಯಾಗಿ ಕೇಳಿಸಿಕೊಳ್ಳಿ. ಮೊದಲ ತಿಂಗಳಲ್ಲಿ ಮಗುವಿಗೆ ಹಗಲು ರಾತ್ರಿಯ ಗುರುತಿಲ್ಲ. ಎರಡು ಗಂಟೆಗೊಮ್ಮೆ, ಮೂರು ಗಂಟೆಗೊಮ್ಮೆ ಏಳುವುದು ಅದರ ಧರ್ಮ. ಎರಡು ತಿಂಗಳ ಹೊತ್ತಿಗೆ ಕೆಲವು ಮಕ್ಕಳು ರಾತ್ರಿಯ ಮೊದಲ ನಿದ್ದೆಯನ್ನು ಸ್ವಲ್ಪ ಉದ್ದ ಮಾಡುತ್ತವೆ. ಮೂರು ನಾಲ್ಕು ತಿಂಗಳಲ್ಲಿ ಒಂದೇ ಸಮ ನಾಲ್ಕೈದು ಗಂಟೆ ಮಲಗುವ ಮಕ್ಕಳು ಹಲವು, ಮಲಗದವೂ ಹಲವು. ಮಲಗಲು ಶುರುಮಾಡಿದ ಮಗು ಮತ್ತೆ ಏಳಲು ಶುರುಮಾಡುತ್ತದೆ. ಬೋರಲು ಬೀಳುವಾಗ ಏಳುತ್ತದೆ, ಹಲ್ಲು ಬರುವಾಗ ಏಳುತ್ತದೆ, ನೆಗಡಿಯಾದಾಗ ಏಳುತ್ತದೆ. ವರ್ಷ ತುಂಬಿದರೂ ರಾತ್ರಿ ಒಂದು ಸಲ ಎದೆ ಹುಡುಕುವ ಮಕ್ಕಳಿದ್ದಾವೆ, ಅವೂ ಗುಂಡುಕಲ್ಲಿನಂತೆ ಬೆಳೆದಿದ್ದಾವೆ. ಎಷ್ಟು ಮಲಗಿತು ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಬಟ್ಟೆ ಎಷ್ಟು ಒದ್ದೆಯಾಯಿತು, ತೂಕ ಏರಿತೇ, ಎದ್ದಾಗ ಕಣ್ಣಿನಲ್ಲಿ ಬೆಳಕಿದೆಯೇ. ತಾಯಿಗೆ ನಿದ್ದೆ ಬೇಕಾದರೆ ಮಗುವಿನ ಹಾಲನ್ನು ಕಿತ್ತುಕೊಳ್ಳಬೇಡಿ. ಮನೆಯವರನ್ನು ಕರೆದು, ಹಗಲು ಅವಳಿಗೆ ಎರಡು ಗಂಟೆ ಯಾರೂ ಕೆಲಸ ಹೇಳಕೂಡದು ಎಂದು ಗದರಿಸಿ. ನಾನು ಗದರಿಸಿದ್ದೇನೆ, ಹನುಮಕ್ಕನಂಥವರನ್ನೂ ಗದರಿಸಿದ್ದೇನೆ.

ಎರಡು ವರ್ಷದ ಪುಸ್ತಕವನ್ನು ಸುಗುಣಾಬಾಯಿಯವರು ಬೆಂಗಳೂರಿಗೆ ತರಿಸಿಕೊಂಡರು. ಆಮೇಲೆ ನನ್ನನ್ನೂ ಕರೆಸಿದರು. ತರಬೇತಿಯ ಹುಡುಗಿಯರ ಮುಂದೆ ನಿಲ್ಲಿಸಿ, "ಇವರು ತೂಬಗೆರೆಯ ಜಯಮ್ಮ. ಇವರು ಹೇಳೋದನ್ನ ಬರೆದುಕೊಳ್ಳಿ" ಎಂದು ತಾವು ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತರು. ಅವರೂ ಬರೆದುಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಲೋಯರ್ ಸೆಕೆಂಡರಿ ಓದಿದ ನನ್ನ ಮಾತನ್ನು ವಿಲಾಯಿತಿಯಲ್ಲಿ ಓದಿ ಬಂದ ಡಾಕ್ಟರು ಬರೆದುಕೊಂಡರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅದಾದ ಮೇಲೆ ನನಗೆ ದೊಡ್ಡಬಳ್ಳಾಪುರಕ್ಕೆ ವರ್ಗವಾಯಿತು. ಅಲ್ಲಿನ ಒಂದು ಕೇಸು ಹೇಳಿ ಮುಗಿಸುತ್ತೇನೆ.

ಮಗ್ಗದವರ ಬೀದಿಯಲ್ಲಿ ಹಗಲೆಲ್ಲ ಲಾಳಿಯ ಸದ್ದು. ಒಂದು ಮಧ್ಯಾಹ್ನ ಆ ಬೀದಿಯಲ್ಲಿ ಒಬ್ಬ ಬಾಣಂತಿಯನ್ನು ನೋಡಿ ಹೊರಟಿದ್ದೆ. ಪಕ್ಕದ ಮನೆಯ ಜಗುಲಿಯಲ್ಲಿ ಲಕ್ಷ್ಮಿ ಎಂಬ ಹುಡುಗಿ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಹೆರಿಗೆ ಮಾಡಿಸಿದವಳಲ್ಲ, ತವರಿನಲ್ಲಿ ಹೆತ್ತು ಆಗತಾನೇ ಬಂದಿದ್ದಳು. ಗಂಡು ಮಗುವಿಗೆ ಎರಡು ತಿಂಗಳೂ ತುಂಬಿರಲಿಲ್ಲ.

"ಮಗು ಹೇಗಿದೆಯಮ್ಮ?" ಎಂದೆ.

"ಬಂಗಾರದಂಥ ಮಗು ಅಕ್ಕ. ಇಲ್ಲಿಗೆ ಬಂದ್ಮೇಲೆ ರಾತ್ರಿ ಪೂರ್ತಿ ಮಲಗುತ್ತೆ. ನಾನು ಹಗಲೂ ಕೆಲಸ ಮಾಡ್ಕೊಳ್ಳೋ ಹಂಗಾಗಿದೆ. ಇವತ್ತಂತೂ ಬೆಳಿಗ್ಗೆಯಿಂದ ಎದ್ದೇ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದಳು.

ಬೇರೆ ಯಾರಾದರೂ ಆಗಿದ್ದರೆ ಸಂತೋಷ ಎಂದು ಹೋಗಿಬಿಡುತ್ತಿದ್ದರು. ನನಗೆ ಕಾಲು ಮುಂದೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ. ತೊಟ್ಟಿಲು ಮಗ್ಗದ ಮಗ್ಗುಲಲ್ಲೇ ಇತ್ತು. ಮಗು ದುಂಡಗಿತ್ತು, ಹಸಿದ ಮಗುವಲ್ಲ. ಆದರೆ ತುಟಿ ನೀಲಿಗಟ್ಟಿತ್ತು. ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಉಸಿರು ಒಂದು ಬಂದರೆ ಇನ್ನೊಂದು ಬರಲು ಬಹಳ ಹೊತ್ತಾಗುತ್ತಿತ್ತು.

"ಯಾರು ಅಫೀಮು ಕೊಟ್ಟಿದ್ದು?" ಎಂದೆ. ಪಾಪೆ ಹಾಗೆ ಕುಗ್ಗುವುದು ಅಫೀಮಿನಿಂದ.

ಲಕ್ಷ್ಮಿಯ ಗಂಡ ನೇಯುತ್ತಿದ್ದ ಮಗ್ಗದ ಸದ್ದು ನಿಂತಿತು. ಒಲೆಯ ಮುಂದಿದ್ದ ಅಜ್ಜಿ, ಲಕ್ಷ್ಮಿಯ ಅತ್ತೆ, ಎದ್ದು ಬಂದಳು. "ಸಾಸುವೆ ಕಾಳಷ್ಟು ಕಣಮ್ಮ. ನನ್ನ ಆರು ಮಕ್ಳಿಗೂ ಕೊಟ್ಟಿದ್ದೆ. ಇವ್ಳು ರಾತ್ರಿ ಎದ್ದೂ ಎದ್ದೂ ಸೊರಗಿದ್ಳು, ಅದಕ್ಕೇ..." ಎಂದಳು. ಲಕ್ಷ್ಮಿಗೆ ಗೊತ್ತೇ ಇರಲಿಲ್ಲ. ಆಕೆ ಬಾಗಿಲಿನಿಂದ ತೊಟ್ಟಿಲಿನ ಕಡೆ ನುಗ್ಗಿದಳು.

ಬೈಯಲು ಸಮಯವಿರಲಿಲ್ಲ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಕಡೆ ಓಡಿದೆ. ಉಸಿರು ನಿಂತಾಗ ನಿಂತು, ಸೆರಗಿನ ತೆಳು ತುದಿಯನ್ನು ಮಗುವಿನ ಬಾಯಿ ಮೂಗಿನ ಮೇಲೆ ಹಾಕಿ ನನ್ನ ಕೆನ್ನೆಯಲ್ಲಿದ್ದ ಗಾಳಿಯಷ್ಟನ್ನೇ ಊದಿದೆ. ಎದೆ ಏರಿತು. ಅಂಗಾಲಿಗೆ ಬೆರಳಿನಿಂದ ಹೊಡೆದೆ, ಮತ್ತೆ ಓಡಿದೆ. ಬೀದಿಯ ಕೊನೆಗೆ ಒಂದು ಸಲ, ಪೇಟೆಯಲ್ಲಿ ಎರಡು ಸಲ. ಅಂಗಡಿಯವರು ಎದ್ದು ನಿಂತು ನೋಡುತ್ತಿದ್ದರು. ಹಿಂದೆ ಆ ಅಜ್ಜಿ ಬರಿಗಾಲಲ್ಲಿ ಓಡಿ ಬರುತ್ತಿದ್ದಳು, ಲಕ್ಷ್ಮಿಯನ್ನು ಅವಳ ಗಂಡ ಹಿಡಿದುಕೊಂಡು ಬರುತ್ತಿದ್ದ.

ಡಾಕ್ಟರು ಇದ್ದರು. ಸೂಜಿ ಹಾಕಿದರು. ನಾವಿಬ್ಬರೂ ಸರದಿಯಂತೆ ಉಸಿರು ಊದಿದೆವು, ಮಲಗಲು ಬಿಡದೆ ತಟ್ಟಿದೆವು, ಉಜ್ಜಿದೆವು. ಮಧ್ಯಾಹ್ನ ಹೋಗಿ ಸಂಜೆಯಾಯಿತು. ಮಗ್ಗದವರು ಕೆಲಸ ಬಿಟ್ಟು ಬಂದು ಆಸ್ಪತ್ರೆಯ ಅಂಗಳದ ತುಂಬ ನಿಂತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಗು ಮುಖ ಕಿವುಚಿತು. ಕೈ ಮುಷ್ಟಿ ಮಾಡಿತು. ಆಮೇಲೆ ಬಾಯಿ ಅಗಲಿಸಿ, ಇಡೀ ಮೈ ಕೆಂಪಾಗುವಂತೆ, ಅಂಗಳದವರಿಗೆಲ್ಲ ಕೇಳುವಂತೆ ಅತ್ತಿತು.

ಡಾಕ್ಟರು ಮೇಜಿಗೆ ಒರಗಿಕೊಂಡು, "ಅಳಲಿ ಬಿಡಿ ಜಯಮ್ಮ, ಸಮಾಧಾನ ಮಾಡಬೇಡಿ" ಎಂದರು. ಇಬ್ಬರೂ ನಿಂತು ಕೇಳಿದೆವು.

ವರಾಂಡದಲ್ಲಿ ಲಕ್ಷ್ಮಿ ಮಗುವನ್ನು ಎದೆಗೆ ಹಾಕಿಕೊಂಡು ಕುಳಿತಾಗ, ಅಜ್ಜಿ ಸೊಂಟದ ಸಂಚಿಯಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟಳು. ನಾನು ಬೈಯುತ್ತೇನೆಂದು ಕಾದಳು. ನಾನು ಬೈಯಲಿಲ್ಲ. ನನ್ನ ಮಾತಿನಿಂದಲೂ ಒಂದು ಮಗು ಹೀಗೇ ಮಲಗಿತ್ತು ಎಂದು ಆಕೆಗೆ ಹೇಳಿದೆ.

ಆಕೆ ಮೊಮ್ಮಗನ ಕಡೆ ನೋಡಿ, "ಇನ್ಮೇಲೆ ಇವನು ರಾತ್ರಿ ಮಲಗಲ್ವಾ ನರ್ಸಮ್ಮ?" ಎಂದಳು.

"ಇನ್ನೂ ಒಂದೆರಡು ತಿಂಗಳು ಮಲಗಲ್ಲ ಅಜ್ಜಿ. ಏಳ್ತಾನೇ ಇರ್ತಾನೆ."

"ಏಳಲಿ ಬುಡು" ಎಂದಳು ಆಕೆ. "ಹಾಲು ಕುಡಿಸಿ ಇವಳು ಮಲಕ್ಕೊಳ್ಲಿ. ಎತ್ಕೊಂಡು ತಿರುಗಾಡೋಕೆ ನಾನಿದ್ದೀನಿ."